ಪಾತ್ರದೊಳಗಿನ ಪರರು: ಕಾದಂಬರಿಯ ಹೊಸ ಓದುಗರಿಗೆ

ಕತೆಯ ಕುತೂಹಲಕ್ಕಾಗಿ ಕಾದಂಬರಿ ಓದಿ ರೂಢಿಯಾದವರು ನವ್ಯ ಪಂಥದ ಲೇಖಕರ ಕೃತಿಗಳಿಗೆ ಬಂದಾಗ, ಇಲ್ಲಿ ಏನೂ ನಡೆಯುವುದೇ ಇಲ್ಲವೆಂದು ಬೇಸರಪಡುವುದುಂಟು. ಅಲ್ಲಿ ನಡೆಯುವುದು ಬಹುಮಟ್ಟಿಗೆ ಒಂದು ವ್ಯಕ್ತಿತ್ವ ಕಟ್ಟಿಕೊಳ್ಳುವ ಇಲ್ಲವೇ ಕುಸಿಯುವ ಕ್ರಿಯೆಯಾದ್ದರಿಂದ, ಪಾತ್ರಕ್ಕೆ ಯಾವಾಗ ಏನು ನೆನಪಾಯಿತು, ಆ ಪಾತ್ರವನ್ನು ಯಾರು ಹೇಗೆ ಕಂಡರು ಎಂಬುದನ್ನೂ ಗಮನಿಸುತ್ತ ಓದಬೇಕಾಗುತ್ತದೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇಂಥ ಓದಿಗೆ ಒಳ್ಳೆಯ ಪ್ರವೇಶ. ದೂರ್ವಾಸಪುರದ ಅಗ್ರಹಾರದಲ್ಲಿ ಪ್ರಾಣೇಶಾಚಾರ್ಯರು ವೇದಾಂತ ಶಿರೋಮಣಿ. ರೋಗಿಷ್ಠೆಯಾದ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ನಂಬಿದ ಅವರಿಗೆ ತಾವು ಯಾರೆಂಬ ಬಗ್ಗೆ ಸಂದೇಹವಿಲ್ಲ, ಏಕೆಂದರೆ ಸುತ್ತಲಿನ ಬ್ರಾಹ್ಮಣರ ಗೌರವ ಆ ನಂಬಿಕೆಯನ್ನು ದಿನವೂ ಊರ್ಜಿತಗೊಳಿಸುತ್ತಿರುತ್ತದೆ. ಆಚಾರಭ್ರಷ್ಟ ನಾರಣಪ್ಪ ಸತ್ತು, ಅವನ ಶವಸಂಸ್ಕಾರ ಯಾರು ಮಾಡಬೇಕೆಂಬುದು ಬಗೆಹರಿಯದಿರುವಾಗಲೇ, ಅವನ ಸಂಗಾತಿ ಚಂದ್ರಿಯೊಡನೆ ಆಚಾರ್ಯರು ಕಾಡಿನಲ್ಲಿ ಕೂಡುತ್ತಾರೆ. ಕಾಶಿಯಲ್ಲಿ ಜೊತೆಗೆ ಓದುತ್ತಿದ್ದು, ವಿದ್ಯೆಯನ್ನು ತೊರೆದು ವೇಶ್ಯೆಯೊಬ್ಬಳ ಸಂಗಡ ಬದುಕತೊಡಗಿದ ಗೆಳೆಯ ಮಹಾಬಲ ಅವರಿಗೆ ನೆನಪಾಗುವುದು ಅದಾದ ಮೇಲೆ. ಮೊದಲ ಪುಟಗಳಲ್ಲೇ ಪೂರ್ವವೃತ್ತಾಂತವಾಗಿ ಹೇಳಿಬಿಡಬಹುದಾಗಿದ್ದ ಈ ಸಂಗತಿಯನ್ನು ಅಲ್ಲಿಯವರೆಗೆ ತಡೆದಿಟ್ಟದ್ದರಲ್ಲಿ ಕಲೆಗಾರಿಕೆಯಿದೆ: ಹಿನ್ನೋಟ, ಅಂದರೆ ಸಾಗುತ್ತಿರುವ ಕತೆಯ ನಡುವೆ ಹಿಂದಿನದನ್ನು ತರುವ ತಂತ್ರ, ಬದಲಾದ ಮನಸ್ಸು ತನಗೆ ತಕ್ಕ ಭೂತಕಾಲವನ್ನು ಆರಿಸಿಕೊಳ್ಳುವ ಬಗೆಯನ್ನು ಇಲ್ಲಿ ತೋರಿಸುತ್ತದೆ.

ಎರಡನೆಯ ಓದಿನಲ್ಲಿ ಪುಟ್ಟನ ಮೇಲೆ ಕಣ್ಣಿಡುವುದು ಲೇಸು. ಊರು ಬಿಟ್ಟು ಹೊರಟ ಆಚಾರ್ಯರಿಗೆ ದಾರಿಯಲ್ಲಿ ಗಂಟುಬಿದ್ದ ಈ ಮಾಲೇರ ಜಾತಿಯ ಯುವಕನಿಗೆ ಅವರ ಪಾಂಡಿತ್ಯದ ಹಂಗಿಲ್ಲ. ಒಗಟು ಹೇಳುತ್ತ, ಮೇಳಿಗೆಯ ಜಾತ್ರೆಯಲ್ಲಿ ಕೋಳಿ ಅಂಕ ತೋರಿಸುತ್ತ, ಅವನು ಅವರನ್ನು ಯಾರೋ ದಾರಿಹೋಕ ಬ್ರಾಹ್ಮಣನಂತೆ ನಡೆಸಿಕೊಳ್ಳುವಾಗ, ಅಪರಿಚಿತನಾಗಿರುವ ಬಿಡುಗಡೆಯೂ ಗುರುತು ಸಿಕ್ಕೀತೆಂಬ ದಿಗಿಲೂ ಆಚಾರ್ಯರಲ್ಲಿ ಒಟ್ಟಿಗೆ ಹುಟ್ಟುತ್ತವೆ. ಅಗ್ರಹಾರದ ಲೋಭಿಗಳ ಚಿತ್ರಣದಲ್ಲಿ ವ್ಯಂಗ್ಯ ತುಸು ಹೆಚ್ಚೇ ಆಯಿತೆನ್ನಬಹುದು. ಪುಟ್ಟನ ಚಿತ್ರಣದಲ್ಲಿ ಮಾತ್ರ ಒಂದು ಗೆರೆಯೂ ವ್ಯರ್ಥವಾಗಿಲ್ಲ.

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಇದರ ನಂತರ ಕೈಗೆತ್ತಿಕೊಳ್ಳಬಹುದು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನ ಮೇಲೆ ಏನೆಂದು ಬಿಡಿಸಿ ಹೇಳದ ಆರೋಪ ಬಂದಾಗ, ಅವನ ಭೂತಕಾಲ ಅವನೊಬ್ಬನ ಸೊತ್ತಾಗಿ ಉಳಿಯದೆ, ಅದನ್ನು ಬಲ್ಲವರ ಕೈಯಲ್ಲಿ ಅಸ್ತ್ರವಾಗುತ್ತದೆ. ನೆನಪು, ಸಂಶಯ, ಸ್ವಗತಗಳು ಒಂದರೊಳಗೊಂದು ಹೊಕ್ಕು ಹರಿಯುವ ಈ ಬರವಣಿಗೆ ಕೆಲವೆಡೆ ತಾಳ್ಮೆಗೆಡಿಸುವುದು ನಿಜ. ಅಂಥ ಕಡೆ ನಾಗಪ್ಪನ ನೆನಪಿನಲ್ಲಿ ನಡೆದದ್ದೆಷ್ಟು, ಬೇಟೆಗೆ ಗುರಿಯಾದವನ ಭಯ ಬೆರೆಸಿದ್ದೆಷ್ಟು ಎಂದು ಬಿಡಿಸಿ ನೋಡತೊಡಗಿದರೆ ಓದು ಮತ್ತೆ ಬಿಗಿಗೊಳ್ಳುತ್ತದೆ.