ಚೀಟಿಯ ಮೇಲೆ ಯಾರ ಹೆಸರು? ‘ಕರ್ವಾಲೊ’ ಮರುಓದು

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಕೊನೆಯ ದೃಶ್ಯಕ್ಕೆ ಹೋಗಿ ನಿಲ್ಲುತ್ತದೆ. ಕಾಡೆಲ್ಲ ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕಣಿವೆಯತ್ತ ತೇಲಿ ಮರೆಯಾಗುತ್ತದೆ. ನಿಸರ್ಗದ ರಹಸ್ಯ ಮನುಷ್ಯನ ಮುಷ್ಟಿಗೆ ಸಿಗುವುದಿಲ್ಲ ಎಂಬುದೇ ಕಾದಂಬರಿಯ ಸಾರವೆಂದು ನಾವು ಒಪ್ಪಿಕೊಂಡಿದ್ದೇವೆ. ಈ ಓದು ತಪ್ಪಲ್ಲ. ಆದರೆ ಹೀಗೆ ಓದಿದಾಗ ಜೀವಿಗಳನ್ನು ಸಂಗ್ರಹಿಸುವ ಕೆಲಸವೇ ದುರಾಸೆಯಂತೆ ಕಾಣುತ್ತದೆ. ಕಾದಂಬರಿ ಹಾಗೆ ಹೇಳುತ್ತಿಲ್ಲ ಎಂಬುದು ನನ್ನ ತಕರಾರು.

ಬೆಂಕಿಪೊಟ್ಟಣದ ಚಿತ್ರವನ್ನೋ ಅಂಚೆಚೀಟಿಯನ್ನೋ ಕೂಡಿಡುವವನಿಗೆ ವಸ್ತು ಮುಖ್ಯ. ಅದು ಅಪರೂಪದ್ದಾಗಿರಬೇಕು, ತನ್ನದಾಗಿರಬೇಕು. ಜೀವವಿಜ್ಞಾನಿಗೆ ವಸ್ತುವಿನಷ್ಟೇ ಅದಕ್ಕೆ ಕಟ್ಟಿದ ಚೀಟಿಯೂ ಮುಖ್ಯ: ಎಲ್ಲಿ ಸಿಕ್ಕಿತು, ಯಾವತ್ತು, ಯಾರಿಗೆ. ಗಲಪಗಾಸ್‌ನಲ್ಲಿ ಡಾರ್ವಿನ್ ಸಂಗ್ರಹಿಸಿದ ಫಿಂಚ್ ಹಕ್ಕಿಗಳಲ್ಲಿ ಹಲವು ಯಾವ ದ್ವೀಪದವೆಂದು ಬರೆದಿಟ್ಟಿರಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ ಹಡಗಿನ ಸಂಗಡಿಗರ ಸಂಗ್ರಹಗಳನ್ನು ನೋಡಿ ಆ ವಿವರವನ್ನು ಹೊಂದಿಸಬೇಕಾಯಿತು. ಚೀಟಿಯಿಲ್ಲದ ಹಕ್ಕಿ ಶೋಕೇಸಿನ ಅಲಂಕಾರವಷ್ಟೇ.

‘ಕರ್ವಾಲೊ’ದಲ್ಲಿ ಆ ಚೀಟಿಯ ಜಾಗದಲ್ಲಿರುವವನು ಮಂದಣ್ಣ. ಊರವರ ಕಣ್ಣಿಗೆ ಅವನು ದನ ಕಾಯುವ, ಜೇನು ಕೀಳುವ ಪೆದ್ದ. ಅವನ ಆಸೆಯೂ ದೊಡ್ಡದಲ್ಲ: ಒಂದು ಜವಾನನ ಕೆಲಸ, ಒಂದು ಮದುವೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟಾ ನಿಸರ್ಗತಜ್ಞನನ್ನು ಕಾಣುತ್ತಾರೆ. ಓತಿಯನ್ನು ಕಂಡವನೂ ಮಂದಣ್ಣನೇ. ಅವನ ಮಾತನ್ನು ನಂಬಿಯೇ ಇಡೀ ತಂಡ ಕಾಡಿಗೆ ಹೊರಡುತ್ತದೆ.

ಇಲ್ಲಿ ನನಗೆ ಆಲ್‌ಫ್ರೆಡ್ ರಸೆಲ್ ವಾಲೆಸ್ ನೆನಪಾಗುತ್ತಾನೆ. 1854ರಿಂದ 1862ರವರೆಗೆ ಮಲಯ ದ್ವೀಪಗಳಲ್ಲಿ ಅಲೆದು ಅವನು ಕೂಡಿಹಾಕಿದ ಮಾದರಿಗಳು 1,25,660. ಅದರಲ್ಲಿ ದುಂಬಿಗಳೇ 83,200. 1858ರಲ್ಲಿ ಬಚಾನ್ ದ್ವೀಪದಲ್ಲಿ ಯಾರೂ ವರ್ಣಿಸಿರದ ಸ್ವರ್ಗದ ಹಕ್ಕಿಯೊಂದನ್ನು ಹೊಡೆದು ತಂದವನು ಅವನ ಸಹಾಯಕ ಅಲಿ. ವಾಲೆಸ್ ಇದನ್ನು ತನ್ನ ಪುಸ್ತಕದಲ್ಲಿ ಮುಚ್ಚಿಡದೆ ಬರೆದಿದ್ದಾನೆ. ಆದರೂ ಹಕ್ಕಿಗೆ ಬಂದ ಹೆಸರು ಸೆಮಿಯಾಪ್ಟೆರಾ ವಾಲೇಸಿಯೈ. ನಮ್ಮ ಪಶ್ಚಿಮಘಟ್ಟದಲ್ಲಿ ಅಡಿಕೆ ಮರದಿಂದ ಮರಕ್ಕೆ ತೇಲುವ ನಿಜವಾದ ಹಾರುವ ಓತಿಯ ಕತೆಯೂ ಬೇರೆಯಲ್ಲ. ಅದು ಡ್ರಾಕೊ ಡುಸ್ಸುಮಿಯೇರಿ. ಡುಸ್ಸುಮಿಯೇ ಎಂಬವನು ಹಡಗಿನಲ್ಲಿ ಬಂದುಹೋಗುತ್ತ ಮಾದರಿಗಳನ್ನು ಸಂಗ್ರಹಿಸುತ್ತಿದ್ದ ಫ್ರೆಂಚ್ ವ್ಯಾಪಾರಿ. ತೋಟದಲ್ಲಿ ಅದನ್ನು ದಿನಾ ನೋಡುತ್ತಿದ್ದವರ ಹೆಸರು ಎಲ್ಲೂ ಇಲ್ಲ.

ತೇಜಸ್ವಿಯವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ವಾಲೆಸ್‌ನ ಪುಸ್ತಕದಲ್ಲಿ ಪಕ್ಕಕ್ಕಿದ್ದ ಅಲಿಯಂಥವನನ್ನು ಅವರು ಕತೆಯ ನಡುವಿಗೆ ತಂದರು. ಆದರೆ ಪೂರ್ತಿ ತಂದರೇ? ಕಾದಂಬರಿಯ ಹೆಸರು ‘ಮಂದಣ್ಣ’ ಅಲ್ಲ, ‘ಕರ್ವಾಲೊ’. ಕತೆ ಹೇಳುವವನೂ ತೋಟದ ಯಜಮಾನ. ಮಂದಣ್ಣನನ್ನು ಅವನು ಬಹುಪಾಲು ತಮಾಷೆಯಾಗಿಯೇ ನೋಡುತ್ತಾನೆ; ಆ ತಮಾಷೆಗೆ ನಾವೂ ನಗುತ್ತೇವೆ. ಮಂದಣ್ಣನ ಜಾಣತನ ನಮಗೆ ಖಾತ್ರಿಯಾಗುವುದು ವಿಜ್ಞಾನಿಯೊಬ್ಬರು ಪ್ರಮಾಣಪತ್ರ ಕೊಟ್ಟ ಮೇಲೆಯೇ. ಇದು ಕಾದಂಬರಿಯ ಮಿತಿಯೋ, ನಮ್ಮ ಸಮಾಜದ ನಿಜವಾದ ಚಿತ್ರವೋ ಎಂದು ಕೇಳಿದರೆ ಎರಡೂ ಹೌದು ಎನ್ನುತ್ತೇನೆ.

ಈ ಹಿನ್ನೆಲೆಯಲ್ಲಿ ಕೊನೆಯ ದೃಶ್ಯ ಬೇರೆಯಾಗಿ ಕಾಣುತ್ತದೆ. ಓತಿ ತಪ್ಪಿಸಿಕೊಂಡದ್ದು ಓತಿಗೆ ಬಿಡುಗಡೆ, ಕರ್ವಾಲೊಗೆ ಬಹುಶಃ ಒಂದು ದರ್ಶನ. ಮಂದಣ್ಣನಿಗೆ ಮಾತ್ರ ಅದು ನಷ್ಟ. ಮಾದರಿ ಕೈಯಲ್ಲಿ ಇಲ್ಲದಿದ್ದರೆ ದನ ಕಾಯುವವನೊಬ್ಬ ಕಂಡದ್ದನ್ನು ಯಾವ ಮ್ಯೂಸಿಯಂ ನಂಬುತ್ತದೆ? ನಿಸರ್ಗದ ರಹಸ್ಯ ಉಳಿಯಿತೆಂದು ನಾವು ಸಂಭ್ರಮಿಸುವಾಗ ಈ ಲೆಕ್ಕವನ್ನು ಬಿಟ್ಟುಬಿಡುತ್ತೇವೆ.

ಇದು ಹಳೆಯ ಕಾದಂಬರಿಯೊಂದರ ಮಾತು ಮಾತ್ರವಲ್ಲ. ಪುಣೆ, ಮುಂಬೈಗಳಿಂದ ವಾರಾಂತ್ಯಕ್ಕೆ ಸಹ್ಯಾದ್ರಿ ಹತ್ತುವ ನಮ್ಮಂಥವರು ಇಂದು ಕಪ್ಪೆ, ಚಿಟ್ಟೆಗಳ ಫೋಟೊ ತೆಗೆದು ಐನ್ಯಾಚುರಲಿಸ್ಟ್‌ಗೆ ಏರಿಸುತ್ತೇವೆ. ಕೊಲ್ಲದೆ ಸಂಗ್ರಹಿಸುವ ಈ ರೀತಿ ಖಂಡಿತ ಒಳ್ಳೆಯದು. ಆದರೆ ಅಲ್ಲಿ ‘ಕಂಡವರು’ ಎಂದು ದಾಖಲಾಗುವುದು ಫೋಟೊ ಏರಿಸಿದವರ ಹೆಸರು. ಎಲೆ ಸರಿಸಿ ಕಪ್ಪೆಯನ್ನು ತೋರಿಸಿದ ಊರಿನ ಹುಡುಗ ಆ ದಾಖಲೆಯಲ್ಲಿ ಇರುವುದಿಲ್ಲ. ಟಿಪ್ಪಣಿ ಬರೆಯಲು ಅಲ್ಲಿ ಜಾಗವಿದೆ. ಅವನನ್ನು ಕೇಳಿ, ಒಪ್ಪಿದರೆ, ಅವನ ಹೆಸರನ್ನೂ ಬರೆಯಬಹುದು.