ನಟಿ ಗ್ರೇಟಾ ಗಾರ್ಬೋ ಮತ್ತು ಅಭಿನಯದ ಒಂದು ಪ್ರಶ್ನೆ

ಅಭಿನಯವೆಂಬ ಪದವು 'ಅಭಿ' ಎಂಬ ಉಪಸರ್ಗದೊಡನೆ 'ನೀ' ಧಾತುವು ಸೇರಿ ಆದುದು. ಪ್ರೇಕ್ಷಕನ ಎದುರಿಗೆ ಅರ್ಥವನ್ನು ಕೊಂಡೊಯ್ಯುವುದೇ ಅಭಿನಯ. ಪಾಠಶಾಲೆಯಲ್ಲಿ ಗುರುಗಳ ಬಾಯಿಂದ ಇದನ್ನು ಕೇಳಿದಂದಿನಿಂದ ಈ ಲೇಖಕನು ಆ ಮಾತನ್ನು ಸಂದೇಹಿಸಿದವನಲ್ಲ. ಶಾಲೆಯಲ್ಲಿ ಮಕ್ಕಳಿಂದ ನಾಟಕಗಳನ್ನಾಡಿಸುವಾಗಲೂ ಅದನ್ನೇ ಸೂತ್ರವಾಗಿ ಹಿಡಿದವನು. ಹೀಗಿರಲು, ಈಚೆಗೆ ತಂಗಿಯ ಮಗಳು ತನ್ನ ಗಣಕಯಂತ್ರದಲ್ಲಿ ಒಂದು ಹಳೆಯ ಆಂಗ್ಲ ವಾಕ್ಚಿತ್ರವನ್ನು ತೋರಿಸಿದಳು. ೧೯೩೩ರಲ್ಲಿ ಹಾಲಿವುಡ್ಡಿನಲ್ಲಿ ತೆಗೆದ 'ಕ್ವೀನ್ ಕ್ರಿಸ್ಟಿನಾ' ಎಂಬುದು ಅದರ ಹೆಸರು. ನಾಯಿಕೆ ಗ್ರೇಟಾ ಗಾರ್ಬೋ. ಅದರ ಕಡೆಯ ದೃಶ್ಯದಲ್ಲಿ ಆ ನಟಿಯು ಏನನ್ನೂ ತೋರಿಸದೆ ಸುಮ್ಮನೆ ನಿಂತಿದ್ದಾಳೆ. ನೋಡುತ್ತಿದ್ದ ನನಗೆ ಗಂಟಲು ಕಟ್ಟಿತು. ನಟಿಯು ಕೊಂಡುತರದ ಭಾವವು ನನ್ನ ಎದುರಿಗೆ ಬಂದುದು ಹೇಗೆ? ಈ ಪ್ರಶ್ನೆಯನ್ನು ವಾಚಕಮಹಾಶಯರ ಮುಂದಿಟ್ಟು, ನನಗೆ ತೋರಿದ ಸಮಾಧಾನವನ್ನೂ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ನಟಿಯ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯೋಣ. ಗ್ರೇಟಾ ಲೊವೀಸಾ ಗುಸ್ತಾಫ್ಸನ್ ಎಂಬುದು ಅವಳ ಹುಟ್ಟುಹೆಸರು. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ, ಕೂಲಿಮಾಡಿ ಬದುಕುತ್ತಿದ್ದ ಒಬ್ಬನ ಮನೆಯಲ್ಲಿ, ೧೯೦೫ನೆಯ ಸೆಪ್ಟೆಂಬರ್ ೧೮ರಂದು ಜನಿಸಿದಳು. ೧೪ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡಳು. ಕ್ಷೌರದಂಗಡಿಯಲ್ಲಿ ಗಿರಾಕಿಗಳ ಗಲ್ಲಕ್ಕೆ ಸಾಬೂನಿನ ನೊರೆ ಹಚ್ಚುವ ಕೆಲಸವನ್ನೂ, ದೊಡ್ಡ ಮಳಿಗೆಯೊಂದರಲ್ಲಿ ಟೋಪಿ ಮಾರುವ ಕೆಲಸವನ್ನೂ ಮಾಡಿದಳು. ೧೯೨೨ರಲ್ಲಿ ಆ ನಗರದ ರಾಜಕೀಯ ನಾಟಕಶಾಲೆಗೆ ಸೇರಿದ ಅಭಿನಯ ವಿದ್ಯಾಲಯವನ್ನು ಪ್ರವೇಶಿಸಿದಳು. ಮಾರಿಟ್ಸ್ ಸ್ಟಿಲ್ಲರ್ ಎಂಬ ನಿರ್ದೇಶಕನು ಅವಳನ್ನು ಗುರುತಿಸಿ, ಸೆಲ್ಮಾ ಲಾಗರ್‌ಲೋಫ್ ಎಂಬ ಪ್ರಸಿದ್ಧ ಲೇಖಕಿಯ ಕಾದಂಬರಿಯಿಂದ ತಾನು ರಚಿಸಿದ 'ಗೋಸ್ಟಾ ಬೆರ್ಲಿಂಗ್' (೧೯೨೪) ಎಂಬ ಮೂಕಚಿತ್ರದಲ್ಲಿ ಪಾತ್ರವನ್ನು ಕೊಟ್ಟನು. ಮರುವರ್ಷ ಗುರುಶಿಷ್ಯರಿಬ್ಬರೂ ಅಮೆರಿಕೆಗೆ ಹೋದರು. ಗುರುವಿಗೆ ಆ ನೆಲವು ಒಗ್ಗಲಿಲ್ಲ; ಅವನು ಸ್ವದೇಶಕ್ಕೆ ಮರಳಿ ೧೯೨೮ರಲ್ಲಿ ತೀರಿಕೊಂಡನು. ಶಿಷ್ಯೆಯು ಅಲ್ಲಿಯೇ ನಿಂತು, ೧೯೨೬ರಿಂದ ೧೯೪೧ರವರೆಗೆ ೨೪ ಚಿತ್ರಗಳಲ್ಲಿ ಅಭಿನಯಿಸಿದಳು. ಅವುಗಳಲ್ಲಿ ಮೊದಲ ಹತ್ತು ಮೂಕಚಿತ್ರಗಳು.

ಚಿತ್ರಕ್ಕೆ ಮಾತು ಬಂದಾಗ ಅನೇಕ ಮೂಕಚಿತ್ರನಟರ ಅನ್ನಕ್ಕೆ ಸಂಚಕಾರ ಬಂದಿತು. ಗಾರ್ಬೋಳ ಆಂಗ್ಲಭಾಷೆಯಲ್ಲಿ ಸ್ವೀಡನ್ನಿನ ಉಚ್ಚಾರಣೆಯಿದ್ದಿತು, ಧ್ವನಿಯು ಗಂಭೀರ. ಯೂಜೀನ್ ಓನೀಲನ ನಾಟಕವನ್ನು ಆಧರಿಸಿದ 'ಅನ್ನಾ ಕ್ರಿಸ್ಟಿ' (೧೯೩೦) ಅವಳ ಮೊದಲ ವಾಕ್ಚಿತ್ರ. ಅದರ ನಾಯಿಕೆಯು ಅಮೆರಿಕೆಗೆ ಬಂದು ನೆಲೆಸಿದ ಸ್ವೀಡನ್ನಿನವನ ಮಗಳಾದುದರಿಂದ, ದೋಷವಾಗಬಹುದಾಗಿದ್ದ ಉಚ್ಚಾರಣೆಯೇ ಪಾತ್ರೋಚಿತವಾಯಿತು.

ಇನ್ನು ಪ್ರಕೃತಕ್ಕೆ ಬರೋಣ. ಕ್ರಿಸ್ಟಿನಾ ಎಂಬವಳು ೧೭ನೆಯ ಶತಮಾನದಲ್ಲಿ ಸ್ವೀಡನ್ನನ್ನು ಆಳಿ, ೧೬೫೪ರಲ್ಲಿ ಸಿಂಹಾಸನವನ್ನು ತ್ಯಜಿಸಿ, ಕ್ಯಾಥೊಲಿಕ್ ಮತವನ್ನು ಹಿಡಿದು ರೋಮಿಗೆ ಹೋದ ರಾಣಿ. ಇಷ್ಟು ಇತಿಹಾಸ. ಚಿತ್ರದಲ್ಲಿ ತ್ಯಾಗಕ್ಕೆ ಕಾರಣವಾಗಿ ಸ್ಪೇನ್ ದೇಶದ ರಾಯಭಾರಿಯೊಬ್ಬನ ಮೇಲಣ ಪ್ರೇಮವನ್ನು ಕಲ್ಪಿಸಿದ್ದಾರೆ. ಮಂಜು ಮುಚ್ಚಿದ ಹಾದಿಯಲ್ಲಿ ಇಬ್ಬರೂ ಒಂದು ಛತ್ರದಲ್ಲಿ ಸಿಕ್ಕಿಕೊಂಡು ಕೆಲವು ದಿನ ಕಳೆಯುತ್ತಾರೆ. ಹೊರಡುವ ಮುನ್ನ ರಾಣಿಯು ಆ ಕೊಠಡಿಯಲ್ಲಿ ಮೌನವಾಗಿ ಸುತ್ತಾಡುತ್ತಾಳೆ. ಗೋಡೆಯನ್ನು, ರಾಟೆಯನ್ನು, ದಿಂಬನ್ನು, ಮಂಚದ ಕಂಬವನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ. ಏನು ಮಾಡುತ್ತಿರುವೆಯೆಂದು ಪ್ರಿಯನು ಕೇಳಲು, ಈ ಕೊಠಡಿಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದೇನೆಂದು ಉತ್ತರಿಸುತ್ತಾಳೆ. ಕಡೆಯಲ್ಲಿ ರಾಜ್ಯವನ್ನು ಬಿಟ್ಟು ಹಡಗಿಗೆ ಬಂದಾಗ ಪ್ರಿಯನು ದ್ವಂದ್ವಯುದ್ಧದಲ್ಲಿ ಗಾಯಗೊಂಡಿದ್ದಾನೆ. ಅವಳ ತೋಳಿನಲ್ಲಿಯೇ ಪ್ರಾಣಬಿಡುತ್ತಾನೆ. ಹಡಗು ಹೊರಡುತ್ತದೆ. ಅವಳು ಮುಂಗೋಟಿಗೆ ಹೋಗಿ ನಿಲ್ಲುತ್ತಾಳೆ. ಛಾಯಾಯಂತ್ರವು ಮೆಲ್ಲಮೆಲ್ಲನೆ ಹತ್ತಿರ ಬರುತ್ತ, ಮುಖವೊಂದೇ ಪರದೆಯನ್ನು ತುಂಬುತ್ತದೆ. ಗಾಳಿಗೆ ಕೂದಲು ಹಾರುತ್ತದೆ. ಕಣ್ಣೀರಿಲ್ಲ, ನಿಟ್ಟುಸಿರಿಲ್ಲ, ತುಟಿಯ ಕಂಪವಿಲ್ಲ. ಅಲ್ಲಿಗೆ ಚಿತ್ರವು ಮುಗಿಯುತ್ತದೆ.

ನಿರ್ದೇಶಕನಾದ ರೂಬೆನ್ ಮಮೂಲಿಯನ್ ಈ ದೃಶ್ಯದ ಗುಟ್ಟನ್ನು ಬಳಿಕ ಹೇಳಿದ್ದಾನೆ. ಏನನ್ನು ಭಾವಿಸಲಿ ಎಂದು ನಟಿಯು ಕೇಳಿದಾಗ, ಏನನ್ನೂ ಭಾವಿಸಬೇಡ, ಮುಖವು ಬರೆಯದ ಕಾಗದದಂತಿರಲಿ, ಬರೆಯುವ ಕೆಲಸವನ್ನು ಪ್ರೇಕ್ಷಕರು ಮಾಡಲಿ ಎಂಬುದು ಅವನು ಕೊಟ್ಟ ಸೂಚನೆಯ ತಾತ್ಪರ್ಯ.

ಇಲ್ಲಿ ಪೂರ್ವಪಕ್ಷವೊಂದುಂಟು. ಹೀಗಾದರೆ ಹಿರಿಮೆಯು ನಟಿಯದಲ್ಲ, ಜೋಡಣೆಯದು. ರಷ್ಯದ ಕುಲೆಷೋವನ ಪ್ರಯೋಗವು ಪ್ರಸಿದ್ಧವಾಗಿದೆ: ಒಬ್ಬ ನಟನ ಒಂದೇ ಮುಖಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನೊಡನೆ, ಒಮ್ಮೆ ಶವದೊಡನೆ ಜೋಡಿಸಿದಾಗ, ನೋಡುವವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ಶೋಕವನ್ನೂ ಕಂಡರಂತೆ. ಹಾಗಿರುವಾಗ ಹಡಗಿನ ತುದಿಯಲ್ಲಿ ಯಾರ ಮುಖವನ್ನಿಟ್ಟರೇನು?

ಇದಕ್ಕೆ ಸಮಾಧಾನ. ಆ ಪ್ರಯೋಗದಲ್ಲಿ ಪ್ರೇಕ್ಷಕನಿಗೆ ದೊರೆತುದು ಒಂದು ಭಾವದ ಹೆಸರು. ಹಸಿವು ಅಥವಾ ಶೋಕ. ಇಲ್ಲಿ ಹೆಸರೇ ದೊರೆಯುವುದಿಲ್ಲ. ನನಗೆ ಅದು ಶೋಕವಾಗಿ ತೋರಿತು. ತಂಗಿಯ ಮಗಳಿಗೆ ಬಿಡುಗಡೆಯಾಗಿ ತೋರಿತು. ಜೊತೆಯಲ್ಲಿದ್ದ ನನ್ನ ಮನೆಯವರು, ಇವಳು ಇನ್ನು ಯಾರಿಗೂ ಸೋಲುವವಳಲ್ಲ ಎಂದರು. ಮೂವರೂ ತಪ್ಪಲ್ಲ. ವಾಚ್ಯವಾಗಿ ಹೇಳಿದರೆ ಒಂದೇ ಅರ್ಥಕ್ಕೆ ಕಟ್ಟುಬೀಳುವುದನ್ನು ಹೇಳದೆ ಬಿಟ್ಟು ಹೊಳೆಯಿಸುವುದನ್ನು ನಮ್ಮ ಆನಂದವರ್ಧನನು ಧ್ವನಿಯೆಂದನು. ರಸದ ನೆಲೆಯು ನಟನಲ್ಲಲ್ಲ, ಸಹೃದಯನಲ್ಲಿ ಎಂಬುದು ಅಭಿನವಗುಪ್ತನ ಸಿದ್ಧಾಂತ. ಇವನ್ನು ವರ್ಷಗಟ್ಟಲೆ ಪಾಠ ಹೇಳಿದ ನಾನು, ಪ್ರತ್ಯಕ್ಷವಾಗಿ ಅರಿತುದು ಆ ಸಂಜೆಯಲ್ಲಿ.

ಆದರೆ ಧ್ವನಿಗೆ ಆಧಾರ ಬೇಕು. ಛತ್ರದ ಕೊಠಡಿಯಲ್ಲಿ ಆ ಕೈಗಳು ರಾಟೆಯನ್ನೂ ದಿಂಬನ್ನೂ ಮುಟ್ಟದಿದ್ದರೆ, ಹಡಗಿನ ಮೇಲಣ ಮುಖವು ಬರಿಯ ಮುಖವಾಗುತ್ತಿತ್ತು. ಅಲ್ಲಿ ಆಂಗಿಕವು ಪೂರ್ಣ, ಇಲ್ಲಿ ಶೂನ್ಯ. ಅಲ್ಲಿ ಕೂಡಿಟ್ಟುದನ್ನೇ ನಾವು ಇಲ್ಲಿ ವ್ಯಯಮಾಡುತ್ತೇವೆ. ಇದನ್ನು ನಾನು ಮೊದಲು ಸ್ತಂಭವೆಂಬ ಸಾತ್ತ್ವಿಕಭಾವವೆಂದು ತಿಳಿದಿದ್ದೆನು. ಅದು ಸರಿಯಲ್ಲ. ಸ್ತಂಭವು ಭಾವದ ಆಘಾತದಿಂದ ಆಗುವ ಜಡತ್ವ. ಈ ನಿಲುವಿನಲ್ಲಿ ಜಡತ್ವವಿಲ್ಲ, ಅವಳು ತನ್ನ ಇಚ್ಛೆಯಿಂದ ನಿಂತಿದ್ದಾಳೆ. ಸತ್ತ ಮುಖಕ್ಕೂ ಸುಮ್ಮನಿರುವ ಮುಖಕ್ಕೂ ಇರುವ ಈ ಭೇದವನ್ನು ಕಾಪಾಡಿದುದೇ ನಟಿಯ ಸಾಮರ್ಥ್ಯ. ಕಂಪನಿ ನಾಟಕದ ನಟನು ಕಡೆಯ ಸಾಲಿನ ನಾಲ್ಕಾಣೆಯವನಿಗೂ ಕಾಣುವಂತೆ ಹುಬ್ಬು ಕುಣಿಸಬೇಕಾಗಿತ್ತು. ಅದು ಅವನ ಧರ್ಮ. ಮುಖವನ್ನೇ ಆಳೆತ್ತರಕ್ಕೆ ಹಿಗ್ಗಿಸುವ ಪರದೆಯಲ್ಲಿ ಆ ಧರ್ಮವೇ ಅಧರ್ಮವಾಗುತ್ತದೆ.

ಅವಳ ಚಿತ್ರಗಳೆಲ್ಲವೂ ಇಂತಹವೆಂದು ಹೇಳಲಾರೆ. 'ಮಾತಾ ಹರಿ' (೧೯೩೧) ಮೊದಲಾದವುಗಳಲ್ಲಿ ಕಥೆಯು ಟೊಳ್ಳು, ವೇಷಭೂಷಣವೇ ಅಧಿಕ. ಆಹಾರ್ಯದ ಭಾರಕ್ಕೆ ನಟಿಯೂ ಬಗ್ಗಿದ್ದಾಳೆ. 'ಕಮೀಲ್' (೧೯೩೬) ಎಂಬುದರ ಮರಣದೃಶ್ಯದಲ್ಲಿ ಮಾತ್ರ ಅದೇ ಸಂಯಮವು ಕರುಣರಸವನ್ನು ಉಕ್ಕಿಸುತ್ತದೆ. 'ನಿನೋಚ್ಕಾ' (೧೯೩೯) ಎಂಬ ಹಾಸ್ಯಚಿತ್ರದಲ್ಲಿ ಸೋವಿಯತ್ ಅಧಿಕಾರಿಣಿಯಾದ ಅವಳು ಪ್ರಿಯನು ಹೇಳುವ ಯಾವ ನಗೆಮಾತಿಗೂ ನಗುವುದಿಲ್ಲ. ಅವನು ಕುರ್ಚಿಯಿಂದ ಉರುಳಿ ಬಿದ್ದಾಗ ತಡೆಯಲಾರದೆ ನಕ್ಕುಬಿಡುತ್ತಾಳೆ. ಅಷ್ಟು ಹೊತ್ತು ನಗದಿದ್ದುದರಿಂದಲೇ ಆ ನಗುವಿಗೆ ಬೆಲೆ.

೧೯೪೧ರ 'ಟೂ ಫೇಸ್ಡ್ ವುಮನ್' ಎಂಬ ಚಿತ್ರವು ನಿಂದೆಗೆ ಗುರಿಯಾಯಿತು. ಅನಂತರ ಅವಳು ಪರದೆಗೆ ಬರಲಿಲ್ಲ. ಆಗ ವಯಸ್ಸು ೩೬. ಇದನ್ನು ಸಂನ್ಯಾಸವೆಂದು ಬಣ್ಣಿಸುವವರುಂಟು. ನಿಜವು ಅಷ್ಟು ಸರಳವಲ್ಲ. ಅವಳ ಚಿತ್ರಗಳಿಗೆ ಹಣ ತರುತ್ತಿದ್ದ ಯೂರೋಪಿನ ಚಿತ್ರಮಂದಿರಗಳು ಮಹಾಯುದ್ಧದಿಂದ ಕೈಬಿಟ್ಟುಹೋಗಿದ್ದುವು. ೧೯೪೯ರಲ್ಲಿ ಹೊಸ ಚಿತ್ರವೊಂದಕ್ಕಾಗಿ ಛಾಯಾಯಂತ್ರದ ಮುಂದೆ ನಿಂತು ಪರೀಕ್ಷೆಯನ್ನೂ ಕೊಟ್ಟಿದ್ದಳು. ಬಂಡವಾಳವು ಒದಗದೆ ಆ ಪ್ರಯತ್ನವು ಮುರಿಯಿತು. ಆದುದರಿಂದ ಆ ಮೌನವನ್ನು ವ್ರತವೆನ್ನಲಾಗದು. ಆದರೂ ತಾನಾಗಿ ಒದಗಿದ ಮೌನವನ್ನು ಅವಳು ಮಾರಿಕೊಳ್ಳಲಿಲ್ಲ. ೧೯೫೫ರಲ್ಲಿ ಆಸ್ಕರ್ ಗೌರವಪ್ರಶಸ್ತಿಯನ್ನು ಕೊಟ್ಟಾಗಲೂ ಸಭೆಗೆ ಹೋಗಲಿಲ್ಲ. ನ್ಯೂಯಾರ್ಕಿನಲ್ಲಿ ಒಂಟಿಯಾಗಿ ಬಾಳಿ, ೧೯೯೦ನೆಯ ಏಪ್ರಿಲ್ ೧೫ರಂದು ಕಾಲವಾದಳು. ೧೯೯೯ರಲ್ಲಿ ಅವಳ ಚಿತಾಭಸ್ಮವು ಸ್ಟಾಕ್‌ಹೋಮಿನ ಮಣ್ಣಿಗೆ ಸೇರಿತು.

ಕಡೆಯಲ್ಲಿ ಒಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ನಾನು ಶಾಲೆಯಲ್ಲಿ ಶಾಕುಂತಲದ ನಾಲ್ಕನೆಯ ಅಂಕವನ್ನು ಆಡಿಸುತ್ತಿದ್ದೆನು. ಶಕುಂತಲೆಯ ಪಾತ್ರಕ್ಕೆ ಆರಿಸಿದ್ದ ಹುಡುಗಿಯು ಆಶ್ರಮವನ್ನು ಬಿಡುವ ಸಮಯದಲ್ಲಿ ಬಳ್ಳಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದಳು. ಮುಖದಲ್ಲಿ ಭಾವ ತೋರಿಸೆಂದು ಗದರಿದೆನು, ತೋರಿಸಲಿಲ್ಲ. ಪಾತ್ರವನ್ನು ಚೆನ್ನಾಗಿ ಅಳಬಲ್ಲ ಇನ್ನೊಬ್ಬಳಿಗೆ ಕೊಟ್ಟೆನು. ಪ್ರಯೋಗದ ದಿನ ಚಪ್ಪಾಳೆಗೇನೂ ಕೊರತೆಯಾಗಲಿಲ್ಲ. ಆದರೆ ಹಡಗಿನ ತುದಿಯ ಆ ಮುಖವನ್ನು ಕಂಡಂದಿನಿಂದ ನನಗೆ ನೆನಪಾಗುತ್ತಿರುವುದು ಚಪ್ಪಾಳೆಯಲ್ಲ, ಬಳ್ಳಿಯ ಮೇಲಿದ್ದ ಆ ಕೈ. ಅವಳಿಗೆ ಅಭಿನಯ ತಿಳಿಯದೆಂದು ನಾನು ಹೇಳಿದ್ದೆನು. ನೋಡಲು ತಿಳಿಯದಿದ್ದವನು ನಾನು.

ಶಾಲೆಗಳಲ್ಲಿ ಮಕ್ಕಳಿಂದ ನಾಟಕವಾಡಿಸುವ ತರುಣ ಉಪಾಧ್ಯಾಯರು ಇದನ್ನು ಓದಿದರೆ, ಸುಮ್ಮನೆ ನಿಂತ ಮಗುವನ್ನು ಗದರುವ ಮೊದಲು ಒಂದು ಕ್ಷಣ ತಾವೂ ಸುಮ್ಮನೆ ನಿಂತು ನೋಡಬೇಕೆಂದು ಪ್ರಾರ್ಥಿಸುತ್ತೇನೆ.