ಬೆಳಗಾವಿಯ ಸೇಂಟ್ ಮೇರಿ ಚರ್ಚು: ಚರಿತ್ರಲೇಖನದಲ್ಲಿ ಒಂದು ದೋಷ

ಬೆಳಗಾವಿಯ ಕ್ಯಾಂಪಿನಲ್ಲಿರುವ ಸೇಂಟ್ ಮೇರಿ ಚರ್ಚನ್ನು ಕುರಿತು ಬರೆಯುವ ಮಹನೀಯರಲ್ಲಿ ಹಲವರು ಅದು 1869ನೆಯ ಇಸವಿಯದು, ಗಾಥಿಕ್ ಶಿಲ್ಪದ್ದು, ಮಿಶನರಿಗಳು ಕಟ್ಟಿಸಿದ್ದು ಎಂದು ಹೇಳಿ ಮುಗಿಸುತ್ತಾರೆ. ಮೊದಲಿನ ಎರಡು ಮಾತುಗಳು ಸತ್ಯ. ಮೂರನೆಯದು ಹಗ್ಗದಲ್ಲಿ ಹಾವನ್ನು ಕಂಡಂತೆ ಕೇವಲ ಅಧ್ಯಾರೋಪ.

1818ರಲ್ಲಿ ಕೋಟೆಯು ಇಂಗ್ರೇಜರ ಕೈಸೇರಿದ ಬಳಿಕ ಇಲ್ಲಿ ದಂಡು ನೆಲೆಸಿತು. ದಂಡಿನ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಪೂಜೆ, ವಿವಾಹ, ಅಂತ್ಯಸಂಸ್ಕಾರಗಳನ್ನು ನಡೆಯಿಸುತ್ತಿದ್ದ ಚಾಪ್ಲೇನನು ಆಂಗ್ಲಿಕನ್ ಸಭೆಯವನು. ಸರಕಾರದ ಬೊಕ್ಕಸದಿಂದ ವೇತನ ಪಡೆಯುವವನು. ಸೇಂಟ್ ಮೇರಿಯು ಆ ದಂಡಿನ ಚರ್ಚು. ಮಿಶನರಿಗಳ ಕಥೆಯೇ ಬೇರೆ. 1820ರಲ್ಲಿ ಬಳ್ಳಾರಿಯಿಂದ ಬಂದ ಲಂಡನ್ ಮಿಶನ್ನಿನ ಜೋಸೆಫ್ ಟೇಲರರೂ, ಅವರ ಜತೆಗಾರರಾದ ವಿಲಿಯಂ ಬೆನನ್ನರೂ ದೇಶಭಾಷೆಗಳನ್ನು ಕಲಿತು ಪೇಟೆಯ ಜನರೊಡನೆ ಬೆರೆತರು, ಶಾಲೆಗಳನ್ನಿಟ್ಟರು. ಅವರ ಕಾರ್ಯವು 1904ರಲ್ಲಿ ಅಮೇರಿಕದ ಮೆಥೊಡಿಸ್ಟರಿಗೆ ಹೋಯಿತು. ಒಂದೇ ಊರು, ಒಂದೇ ಕ್ರಿಸ್ತಮತ. ಆದರೆ ಸಂಪ್ರದಾಯಗಳು ಎರಡು. ನಮ್ಮ ಶೈವ ವೈಷ್ಣವ ಗುಡಿಗಳನ್ನು ಪರದೇಶಿಯೊಬ್ಬನು ಹೀಗೆ ಕಲಸಿ ಬರೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಪರದೇಶಿಯರು ಹಾಗೆ ಬರೆಯಲಿಲ್ಲವೆಂಬುದೇ ನಮಗೆ ನಾಚಿಕೆಯ ಸಂಗತಿ. ಗೋಕಾಕದ ಹತ್ತಿರದ ಕೊಣ್ಣೂರಿನ ರಟ್ಟಶಾಸನವನ್ನು ಫ್ಲೀಟ್ ಸಾಹೇಬರು ಅಕ್ಷರ ಬಿಡದೆ ಓದಿ ಅಚ್ಚು ಹಾಕಿಸಿದರು. ಬೆಳಗಾವಿಯ ಕೋಟೆಯೊಳಗೆ ನಾಲ್ಮಡಿ ಕಾರ್ತವೀರ್ಯನ ಅಮಾತ್ಯ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಸಂಬಂಧಿಸಿದ 1204ರ ಶಾಸನಗಳನ್ನು ಬಾರ್ನೆಟ್ಟರು ಪರಿಷ್ಕರಿಸಿದರು. ಆ ಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿವೆ. ಅವುಗಳಿಂದಲೇ ವೇಣುಗ್ರಾಮದ ವರ್ತಕರು ತಮ್ಮ ಸರಕಿನ ಮೇಲೆ ಆಯವನ್ನು ಕಟ್ಟಿಕೊಂಡು ಬಸದಿಯನ್ನು ನಡೆಯಿಸಿದ್ದು ನಮಗೆ ತಿಳಿದಿದೆ. ಗುಡಿಯನ್ನು ಪೇಟೆ ಸಾಕಿತು. ಚರ್ಚನ್ನು ಬೊಕ್ಕಸ ಸಾಕಿತು. ಈ ಭೇದದಲ್ಲಿಯೇ ಎರಡರ ಚರಿತ್ರವೂ ಅಡಗಿದೆ. ಗಾಥಿಕ್ ಕಮಾನುಗಳ ವರ್ಣನೆಯಲ್ಲಿ ಅದು ಸಿಕ್ಕಲಾರದು.

1884ರ ಮುಂಬಯಿ ಗೆಜೆಟಿಯರಿನ 21ನೆಯ ಸಂಪುಟವನ್ನು ಮುಂದಿಟ್ಟುಕೊಂಡು ಬರೆದರೆ ಸಾಕೆಂದು ನಮ್ಮವರು ತಿಳಿದಂತಿದೆ. ಆ ಗ್ರಂಥದ ಋಣವು ದೊಡ್ಡದು. ಆದರೆ ಅದು ಆಳುವವರಿಗಾಗಿ ಬರೆದದ್ದು. ದಂಡಿನ ಪಾದ್ರಿಗಳು ಸ್ನಾನದೀಕ್ಷೆ, ವಿವಾಹ, ಮರಣಗಳನ್ನು ಬರೆದಿಟ್ಟ ದಫ್ತರಗಳ ನಕಲುಗಳು ಮುಂಬಯಿಯ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು; ಅವು ಈಗಲೂ ಅಲ್ಲಿ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ದಂಡಿನ ಸಾಮಾನ್ಯ ಸಿಪಾಯಿಯ ಹೆಸರು ಕೂಡ ಅವುಗಳಲ್ಲಿ ದೊರೆಯುವುದು.

ಆಂಗ್ಲಿಕನ್ ಎಂಬ ಹೆಸರಾದರೂ ಉಳಿಯಲಿಲ್ಲ. ಆ ಸಭೆಯು ದಕ್ಷಿಣದಲ್ಲಿ 1947ರಲ್ಲಿಯೂ ಉತ್ತರದಲ್ಲಿ 1970ರಲ್ಲಿಯೂ ಇತರ ಸಭೆಗಳೊಡನೆ ಕೂಡಿಹೋಯಿತು. ಹೆಸರು ಹೋದ ಮೇಲೆ ಸಂಪ್ರದಾಯಭೇದದ ನೆನಪೂ ಹೋಗುವುದು ಸಹಜ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಮ್ಮ ತರುಣರು ಕಚೇರಿಯ ಕೆಲಸಕ್ಕೆಂದು ಬೆಳಗಾವಿಗೆ ಹೋಗುತ್ತಲೇ ಇರುವರು. ಅವರಲ್ಲಿ ಒಬ್ಬಿಬ್ಬರು ಅಲ್ಲಿನ ಪಾದ್ರಿಗಳ ಅಪ್ಪಣೆ ಪಡೆದು, ಒಂದು ದಿನ ನಿಂತು, ಅಲ್ಲಿಯ ಸ್ಮಾರಕಲೇಖಗಳನ್ನು ಪ್ರತಿಮಾಡಿಕೊಂಡು ಬಂದರೆ ಕನ್ನಡಿಸುವ ಕೆಲಸವನ್ನು ನಾನು ವಹಿಸಿಕೊಳ್ಳುವೆನು.